ಆಟ ಕಲಿಸುತ್ತದೆ, ದೊಡ್ಡವರು ಬಿಟ್ಟರೆ

ಆಟ ಮಕ್ಕಳಿಗೆ ಶಿಸ್ತು ಕಲಿಸುತ್ತದೆ, ಒಗ್ಗಟ್ಟು ಕಲಿಸುತ್ತದೆ ಅಂತ ಕ್ರೀಡಾಕೂಟದ ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ನನ್ನದೊಂದು ತಕರಾರಿದೆ. ಆಟ ತಾನಾಗೇ ಏನನ್ನೂ ಕಲಿಸುವುದಿಲ್ಲ. ಅದೇ ಮೈದಾನದಲ್ಲಿ ಮಗು ಸೋಲು ತಡೆದುಕೊಳ್ಳೋದನ್ನೂ ಕಲಿಯಬಹುದು, ರೆಫರಿ ಕಣ್ಣು ತಪ್ಪಿಸಿ ಎದುರಾಳಿಯ ಅಂಗಿ ಎಳೆಯೋದನ್ನೂ ಕಲಿಯಬಹುದು. ಯಾವುದನ್ನು ಕಲಿಯುತ್ತದೆ ಅನ್ನೋದು ಗೆರೆಯಾಚೆ ನಿಂತ ದೊಡ್ಡವರ ಕೈಲಿದೆ.

ರಿಲೇ ಓಟವನ್ನೇ ತಗೊಳ್ಳಿ. ಅಂತರರಾಷ್ಟ್ರೀಯ ನಿಯಮದಲ್ಲಿ 4×100 ಮೀಟರ್ ಓಟಕ್ಕೆ, ಅಂದರೆ ನಾಲ್ವರು ತಲಾ 100 ಮೀಟರ್ ಓಡೋದಕ್ಕೆ, ಬ್ಯಾಟನ್ ಅನ್ನೋ ಚಿಕ್ಕ ಕೋಲು ಕೈ ಬದಲಿಸಲು ಸಿಗೋದು 30 ಮೀಟರ್ ಜಾಗ. ಮುಂದಿನ ಹುಡುಗಿ ಬ್ಯಾಟನ್ ಸಿಗೋ ಮೊದಲೇ ಓಟ ಶುರು ಮಾಡಬೇಕು. ಗೆಳತಿ ಕೂಗಿದ ತಕ್ಷಣ ಕೈ ಹಿಂದಕ್ಕೆ ಚಾಚಬೇಕು. ತಿರುಗಿ ನೋಡೋ ಹಾಗಿಲ್ಲ, ನೋಡಿದರೆ ವೇಗ ಹೋಯ್ತು. ಅಂಗೈಗೆ ಬ್ಯಾಟನ್ ತಾಕೇ ತಾಕುತ್ತೆ ಅಂತ ನಂಬಿ ಓಡಬೇಕು. ಇನ್ನೊಬ್ಬರನ್ನು ನಂಬೋದು ಅಂದರೇನು ಅಂತ ಯಾವ ಪಾಠದಲ್ಲಿ ಇಷ್ಟು ಚೆನ್ನಾಗಿ ಹೇಳೋಕಾಗುತ್ತೆ?

ಅದೂ ತಪ್ಪುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರೂ ಮಹಿಳೆಯರೂ ಇದೇ ಓಟದಲ್ಲಿ ಬ್ಯಾಟನ್ ಬೀಳಿಸಿ, ಫೈನಲ್‌ಗೇ ಬರಲಿಲ್ಲ. ಅಂಥವರದ್ದೇ ಬಿತ್ತು ಅಂದಮೇಲೆ ಹನ್ನೆರಡು ವರ್ಷದ ಮಗುವಿನದ್ದು ಬೀಳದೇ ಇರುತ್ತಾ?

ಬಿದ್ದಾಗ ಅದನ್ನು ಮುಚ್ಚಿಡೋಕಾಗಲ್ಲ. ಉತ್ತರಪತ್ರಿಕೆಯನ್ನಾದರೆ ಮಡಚಿ ಬ್ಯಾಗಿಗೆ ತುರುಕಬಹುದು. ಇಲ್ಲಿ ಇಡೀ ಶಾಲೆ ನೋಡಿರುತ್ತದೆ. ಆ ಮಗು ತಲೆ ತಗ್ಗಿಸಿಕೊಂಡು ಬರುವಾಗ ಮೇಷ್ಟ್ರು "ಯಾರದು ಬೀಳಿಸಿದ್ದು?" ಅಂತ ಗದರಿದರೆ, ಮಿಕ್ಕ ಮೂವರೂ ಒಂದೇ ಕಡೆ ಬೆರಳು ತೋರಿಸುತ್ತಾರೆ. "ನಾಳೆ ಬೇಗ ಬನ್ನಿ, ಕೈ ಬದಲಿಸೋದನ್ನೇ ಅಭ್ಯಾಸ ಮಾಡೋಣ" ಅಂದರೆ ನಾಲ್ವರೂ ಬರುತ್ತಾರೆ. ಜೀವನಪಾಠ ಅಂತೀವಲ್ಲ, ಅದು ನಡೆಯೋದು ಆ ಒಂದು ನಿಮಿಷದಲ್ಲಿ.

ಇನ್ನು ಬೆಂಚಿನ ವಿಷಯ. ನನಗೆ ಜಾಸ್ತಿ ಸಿಟ್ಟು ಬರೋದೇ ಇಲ್ಲಿ. ವರ್ಷವಿಡೀ ಅಭ್ಯಾಸಕ್ಕೆ ಬಂದ ಮಗು ಪಂದ್ಯದ ದಿನ ನೀರಿನ ಬಾಟಲಿ ಕಾಯುತ್ತಾ ಕೂತಿರುತ್ತದೆ. ಕೇಳಿದರೆ "ತಾಳ್ಮೆ ಕಲೀತಿದಾನೆ" ಅಂತಾರೆ. ಸುಮ್ನೆ ಮಾತು! ಆಯ್ಕೆಯಲ್ಲೇ ಎಡವಿರಬಹುದು, ಅಲ್ವಾ? ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಸಂಶೋಧಕರು ಒಂದು ವಿಚಿತ್ರ ಗಮನಿಸಿದ್ದರು. ಒಳ್ಳೆಯ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ. ಕಾರಣ ಸರಳ. ವಯಸ್ಸಿನ ಲೆಕ್ಕ ಜನವರಿ 1ಕ್ಕೆ. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು, ಆದರೆ ಇಬ್ಬರೂ ಒಂದೇ ಗುಂಪು. ಮೈ ಬೆಳೆದಿದ್ದನ್ನು ಪ್ರತಿಭೆ ಅಂದುಕೊಂಡು ಆರಿಸುತ್ತಾರೆ. ಆರಿಸಿಕೊಂಡವರಿಗೇ ಒಳ್ಳೆ ತರಬೇತಿ, ಹೆಚ್ಚು ಪಂದ್ಯ. ಅಂತರ ಬೆಳೆಯುತ್ತಲೇ ಹೋಗುತ್ತದೆ. ಚಿಕ್ಕವನು ಮಾತ್ರ "ನನ್ನ ಕೈಲಾಗಲ್ಲ" ಅಂತ ಕಲಿತು ಮನೆಗೆ ಹೋಗುತ್ತಾನೆ.

ಅಪ್ಪ ಅಮ್ಮಂದಿರಿಗೆ ನಾನು ಹೇಳೋದಿಷ್ಟೇ. ಪಂದ್ಯ ಮುಗಿಸಿ ಮನೆಗೆ ಬರೋ ದಾರಿಯಲ್ಲಿ ವಿಮರ್ಶೆ ಬೇಡ. ಮಗು ತಾನಾಗೇ ಬಾಯಿ ಬಿಟ್ಟರೆ ಕೇಳಿ. ಕೋಚ್ ಸಿಕ್ಕಾಗ "ನಾವು ಗೆಲ್ತೀವಾ?" ಅನ್ನೋದು ಬಿಟ್ಟು, ಈ ಸಲ ಯಾವ ಮಗು ಎಷ್ಟು ಹೊತ್ತು ಆಡಿತು ಅಂತ ಕೇಳಿ ನೋಡಿ.