ಚಪ್ಪಾಳೆಯ ನಂತರದ ಪ್ರಶ್ನೆ

(ಸಿಂಧನೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಸುತ್ತಲಿನ ಹಳ್ಳಿಗಳಿಂದ ಮತ್ತು ಕ್ಯಾಂಪುಗಳಿಂದ ಬಂದಿರುವ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಮಾತನ್ನು ನಾವೆಲ್ಲ ಎಷ್ಟೋ ಸಲ ಹೇಳಿದ್ದೇವೆ, ಕೇಳಿದ್ದೇವೆ. ಆದರೆ ಗಾದೆಗಳ ಸತ್ಯಕ್ಕೆ ಸಾಕ್ಷಿ ಹೇಳಲು ಕಟಕಟೆ ಹತ್ತಿರುವುದೂ ಒಂದು ಗಾದೆಯೇ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ನಮ್ಮ ಗಾದೆಗಳಾದರೋ ಒಂದಕ್ಕೊಂದು ಎದುರಾಗಿಯೇ ನಿಂತಿವೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಒಂದು ಹೇಳಿದರೆ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಇನ್ನೊಂದು ಹೇಳುತ್ತದೆ. ಎರಡೂ ನಿಜವಿರಬಹುದು. ನನ್ನ ಕುತೂಹಲವಿರುವುದು ಯಾವುದನ್ನು ಯಾರಿಗೆ ಹೇಳುತ್ತೇವೆ ಎಂಬುದರಲ್ಲಿ. ಮನೆಯ ಸೊಸೆ ಲೆಕ್ಕ ಕೇಳಿದಾಗ ಮೌನದ ಬಂಗಾರ ನೆನಪಾಗುತ್ತದೆ; ಮನೆಯ ಮಗ ಕಚೇರಿಗೆ ಹೋಗಿ ದಬಾಯಿಸಿ ಕೆಲಸ ಮಾಡಿಸಿಕೊಂಡು ಬಂದಾಗ ಬರಗಾಲದ ಗಾದೆ ಹೊರಬರುತ್ತದೆ. ಎರಡೂ ಸಂದರ್ಭಗಳಲ್ಲಿ ಗಾದೆ ಮುಗಿದ ಮೇಲೆ ಮಾತು ಮುಗಿಯಿತು ಎಂದೇ ಅರ್ಥ. ಹೀಗೆ ಮಾತನ್ನು ಮುಗಿಸುವುದಕ್ಕಾಗಿಯೇ ಆಡುವ ಮಾತುಗಳ ಬಗ್ಗೆ ಇಂದು ನಾಲ್ಕು ವಿಚಾರಗಳನ್ನು ಹೇಳಬೇಕೆಂದು ಬಂದಿದ್ದೇನೆ.

ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಅವರು ಚೀನಾದ ‘ಚಿಂತನಾ ಸುಧಾರಣೆ’ಗೆ, ಅಂದರೆ ಜನರ ವಿಚಾರಗಳನ್ನು ಒತ್ತಾಯದಿಂದ ಬದಲಿಸುವ ಕಾರ್ಯಕ್ರಮಕ್ಕೆ, ಒಳಗಾಗಿ ಹೊರಬಂದವರನ್ನು ಸಂದರ್ಶಿಸಿ, ಮನುಷ್ಯನ ಅತ್ಯಂತ ಜಟಿಲವಾದ ಸಮಸ್ಯೆಗಳನ್ನೂ ಚಿಕ್ಕದಾದ, ಖಚಿತವೆನಿಸುವ, ಸುಲಭವಾಗಿ ಬಾಯಿಪಾಠವಾಗುವ ಪದಗುಚ್ಛಗಳಲ್ಲಿ ಅಡಗಿಸಿ, ಯೋಚನೆ ಆರಂಭವಾಗುವ ಜಾಗದಲ್ಲೇ ಅದನ್ನು ನಿಲ್ಲಿಸಿಬಿಡುವ ವಿಧಾನವನ್ನು 1961ರಲ್ಲಿ ವಿವರಿಸಿದರು. ಅದೇ ವರ್ಷ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಕ್ಮನ್‌ನ ವಿಚಾರಣೆ ನಡೆಯಿತು. ಅದನ್ನು ವರದಿ ಮಾಡಲು ಹೋಗಿದ್ದ ಹ್ಯಾನಾ ಅರೆಂಟ್ ಅವರನ್ನು ಬೆರಗುಗೊಳಿಸಿದ ಸಂಗತಿಗಳಲ್ಲಿ ಒಂದು, ಲಕ್ಷಾಂತರ ಜನರನ್ನು ಸಾವಿಗೆ ಸಾಗಿಸಿದ ಆ ಮನುಷ್ಯ ಸಿದ್ಧ ವಾಕ್ಯಗಳನ್ನು ಬಿಟ್ಟು ಬೇರೆ ರೀತಿಯಲ್ಲಿ ಮಾತನಾಡಲಾರದವನಾಗಿದ್ದ ಎಂಬುದು. ಇವೆಲ್ಲ ದೂರದ ಕಥೆಗಳೆಂದು ತಾವು ಹೇಳಬಹುದು. ಹಾಗಾದರೆ ಹತ್ತಿರದ ಕಥೆಗೆ, ಅಂದರೆ ಕಾಲುವೆಯ ಕಥೆಗೆ ಬರೋಣ.

ಈ ಭಾಗದ ಕಾಲುವೆಯ ಕೊನೆಯ ಹಳ್ಳಿಯೊಂದರಲ್ಲಿ, ಹಿಂಗಾರಿನ ನೀರು ಬಾರದೆ ಪೈರು ಒಣಗುತ್ತಿದ್ದ ದಿನಗಳಲ್ಲಿ, ರೈತರ ಸಭೆಯೊಂದು ಸೇರಿತ್ತು. ಜನಪ್ರತಿನಿಧಿಯೊಬ್ಬರು ಮುಖ್ಯ ಅತಿಥಿಗಳಾಗಿದ್ದರು. ಶಾಲು, ಹಾರ, ಸ್ವಾಗತಗೀತೆ ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ವಯಸ್ಸಾದ ಹೆಣ್ಣುಮಗಳೊಬ್ಬಳು ಎದ್ದು, “ಯಪ್ಪಾ, 104ನೇ ಮೈಲಿನಾಗ ಗೇಜು ಎಷ್ಟೈತ್ರೀ?” ಎಂದು ಕೇಳಿದಳು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಬದುಕುವ ಈ ಸಭೆಗೆ, ಕಾಲುವೆಯ ಆ ಮೈಲಿಯಲ್ಲಿ ನೀರಿನ ಮಟ್ಟ ಎಷ್ಟಿದೆ ಎಂಬ ಆ ಪ್ರಶ್ನೆಯ ತೂಕವನ್ನು ನಾನು ವಿವರಿಸಬೇಕಾಗಿಲ್ಲ. ಅತಿಥಿಗಳು ಎದ್ದು ನಿಂತು, “ಅವ್ವಾ, ರೈತ ಈ ದೇಶದ ಬೆನ್ನೆಲುಬು” ಎಂದರು. ಚಪ್ಪಾಳೆ ಬಿತ್ತು. ಆಕೆ ಕೂರಲಿಲ್ಲ. “ಅದು ಇರವಲ್ದ್ಯಾಕ್ರೀ, ಗೇಜು ಎಷ್ಟೈತಿ?” ಎಂದಳು. “ಅನ್ನದಾತನ ಕಣ್ಣೀರು ಒರೆಸಲು ನಾವು ಬದ್ಧರಾಗಿದ್ದೇವೆ” ಎಂದರು. ಈ ಸಲ ಚಪ್ಪಾಳೆ ಇನ್ನೂ ಜೋರಾಗಿ ಬಿತ್ತು, ಮತ್ತು ಚಪ್ಪಾಳೆ ತಟ್ಟಿದವರೆಲ್ಲ ಒಣಗುತ್ತಿದ್ದ ಹೊಲಗಳ ಮಾಲೀಕರೇ ಆಗಿದ್ದರು ಎಂಬುದನ್ನು ದಯವಿಟ್ಟು ಗಮನಿಸಬೇಕು. ಮೂರನೆಯ ಸಲ ಆಕೆ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದವರೇ ಸೆರಗು ಜಗ್ಗಿ ಕೂರಿಸಿ, “ದೊಡ್ಡೋರು ಮಾತಾಡಾಕತ್ಯಾರ, ಸುಮ್ಕಿರಬೇ” ಎಂದರು. ಗೇಜು ಎಷ್ಟಿತ್ತೆಂಬುದು ಆ ಸಭೆಗೆ ಕೊನೆಯವರೆಗೂ ತಿಳಿಯಲಿಲ್ಲ.

ಅತಿಥಿಗಳು ಸುಳ್ಳು ಹೇಳಲಿಲ್ಲ. ಸುಳ್ಳಾಗಿದ್ದರೆ ಅದನ್ನು ಎದುರಿಸಬಹುದಿತ್ತು. ರೈತ ದೇಶದ ಬೆನ್ನೆಲುಬಲ್ಲ ಎಂದು ಯಾರಾದರೂ ವಾದಿಸಲು ಸಾಧ್ಯವೇ? ಯಾರೂ ಅಲ್ಲವೆನ್ನಲಾಗದ ಮಾತನ್ನು ಆಡುವುದೇ ಇಲ್ಲಿನ ಜಾಣತನ. ಆದ್ದರಿಂದ ಯಾವುದೇ ಘೋಷಣೆಯನ್ನು ಕೇಳಿದಾಗಲೂ, ಈ ಮಾತು ಮುಗಿದ ಮೇಲೆ ‘ಎಷ್ಟು, ಯಾರಿಗೆ, ಯಾವಾಗ’ ಎಂದು ಕೇಳಲು ಜಾಗ ಉಳಿದಿದೆಯೇ ಎಂದು ನೋಡುವುದು ನನ್ನ ರೂಢಿ. ಈ ಮೂರು ಪ್ರಶ್ನೆಗಳನ್ನು ಇಂದು ಹಲವು ಸಲ ಹೇಳಲಿದ್ದೇನೆ, ಬೇಸರಿಸಬಾರದು.

ನಮ್ಮ ಊರುಗಳ ಹೆಮ್ಮೆಯ ಮಾತನ್ನೇ ತೆಗೆದುಕೊಳ್ಳಿ. ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯನ್ನು ಭತ್ತದ ಕಣಜ ಎನ್ನುತ್ತೇವೆ. ನನಗೂ ಆ ಹೆಮ್ಮೆಯಿದೆ, ಇಲ್ಲಿನ ಸೋನಾ ಮಸೂರಿಯನ್ನೇ ಉಣ್ಣುತ್ತೇನೆ. ಆದರೆ 1953ರಲ್ಲಿ ನೀರು ಹರಿಯಲಾರಂಭಿಸಿದ ತುಂಗಭದ್ರಾ ಯೋಜನೆಯ ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬಹುಮಟ್ಟಿಗೆ ಜೋಳ, ಹತ್ತಿ, ಶೇಂಗಾದಂತಹ ಅರೆನೀರಾವರಿ ಬೆಳೆಗಳಿಗಾಗಿ. ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಿ, ಬರದಿಂದ ಕಾಪಾಡುವುದು ಅದರ ಉದ್ದೇಶವಾಗಿತ್ತು. ಭತ್ತಕ್ಕೆ ಸಿಕ್ಕಿದ್ದ ಪಾಲು ಚಿಕ್ಕದು. ಮೇಲ್ಭಾಗದಲ್ಲಿ ಭತ್ತ ಹರಡಿದ ಹಾಗೆಲ್ಲ, 227 ಕಿಲೋಮೀಟರ್ ಉದ್ದದ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರು ತಾಲ್ಲೂಕುಗಳ ಹೊಲಗಳಿಗೆ ನೀರು ಕಡಿಮೆಯಾಯಿತು, ಮೇಲಿನ ಹೊಲಗಳಲ್ಲಿ ನೀರು ನಿಂತು ಸವಳು–ಜವಳು ಹೆಚ್ಚಿತು. ‘ಭತ್ತದ ಕಣಜ’ ಎಂದು ಒಮ್ಮೆ ಹೇಳಿಬಿಟ್ಟರೆ ಇದನ್ನೆಲ್ಲ ಚರ್ಚಿಸುವುದು ಊರಿನ ಮರ್ಯಾದೆ ತೆಗೆದಂತೆ ಕಾಣಿಸುತ್ತದೆ. ಭತ್ತ ಬೆಳೆಯುವವರನ್ನು ನಾನು ದೂರುತ್ತಿಲ್ಲ; ಜೋಳಕ್ಕೆ ಅಂತಹ ಬೆಲೆಯೂ ಮಾರುಕಟ್ಟೆಯೂ ಇಲ್ಲದಿರುವಾಗ ಅವರು ಬೇರೇನು ಮಾಡಬೇಕಿತ್ತು ಎಂಬುದೂ ಚರ್ಚೆಯಾಗಬೇಕಾದ ಪ್ರಶ್ನೆಯೇ. ಎಷ್ಟು ನೀರು, ಯಾರಿಗೆ, ಯಾವಾಗ? ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಈಗ ಸುಮಾರು 105 ಟಿಎಂಸಿಗೆ ಇಳಿದಿರುವಾಗ ಈ ಲೆಕ್ಕವನ್ನು ಮುಂದೂಡುವುದು ಸಾಧ್ಯವೇ?

ಇಲ್ಲೊಂದು ಮಾತು ನೆನಪಾಗುತ್ತದೆ. ‘ಯುದ್ಧೋಪಾದಿಯಲ್ಲಿ ಕಾಮಗಾರಿ’ ಎಂಬುದನ್ನು ಪತ್ರಿಕೆಗಳಲ್ಲಿ ಓದಿ ಓದಿ, ಹಾಗೆಂದರೆ ಮುಂದಿನ ವರ್ಷವೂ ಮುಗಿಯದ ಕೆಲಸವೆಂದೇ ನಾನು ತಿಳಿದಿದ್ದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದೊಳಗೆ ನೀರು ತಡೆದ ತಂತ್ರಜ್ಞರನ್ನೂ ಕಾರ್ಮಿಕರನ್ನೂ ನೋಡಿದ ಮೇಲೆ, ಆ ಮಾತಿಗೂ ಒಂದು ಅರ್ಥವಿದೆಯೆಂದು ತಿಳಿಯಿತು. ಆದರೆ ಚೈನ್ ಯಾಕೆ ತುಂಡಾಯಿತು ಎಂಬ ಪ್ರಶ್ನೆಯನ್ನು ಅಭಿನಂದನೆಗಳ ಗದ್ದಲದಲ್ಲಿ ಕೇಳುವುದು ಕಷ್ಟವಾಯಿತು, ಅದು ಬೇರೆ ವಿಷಯ.

ಅಧಿಕಾರದಲ್ಲಿರುವವರನ್ನು ಮಾತ್ರ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ‘ನಮ್ಮದು ಹಿಂದುಳಿದ ಪ್ರದೇಶ’ ಎಂಬುದು ನಮ್ಮದೇ ಸಿದ್ಧವಾಕ್ಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಹಿಂದುಳಿದಿರುವುದನ್ನು ತಾಲ್ಲೂಕುವಾರು ಅಳೆದು, ರಾಜ್ಯದ 114 ತಾಲ್ಲೂಕುಗಳನ್ನು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿತು. ಅಂದರೆ ಆ ಸಮಿತಿ ‘ಎಷ್ಟು’ ಎಂದು ಕೇಳಿತ್ತು. ನಾವು ಆ ‘ಎಷ್ಟು’ ಎಂಬುದನ್ನು ಬಿಟ್ಟು ‘ಹಿಂದುಳಿದ’ ಎಂಬುದನ್ನು ಮಾತ್ರ ಉಳಿಸಿಕೊಂಡೆವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೂ, ಶಾಲೆಯಲ್ಲಿ ಶಿಕ್ಷಕರಿಲ್ಲ ಎಂದರೆ ಹಿಂದುಳಿದ ಪ್ರದೇಶ ಎನ್ನುತ್ತೇವೆ, ಶಿಕ್ಷಕರಿದ್ದೂ ಬರುತ್ತಿಲ್ಲ ಎಂದರೂ ಅದನ್ನೇ ಹೇಳುತ್ತೇವೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ನಮ್ಮ ಭಾಗದ ಹೆಸರು ಕಲ್ಯಾಣ ಕರ್ನಾಟಕವಾಯಿತು, ಸಂತೋಷ. ಅನುದಾನದಲ್ಲಿ ಯಾವ ತಾಲ್ಲೂಕಿಗೆ ಎಷ್ಟು ಬಂತು ಎಂದು ಕೇಳಿದವನನ್ನು ಕಲ್ಯಾಣದ ವಿರೋಧಿ ಎನ್ನದಿದ್ದರೆ ಸಾಕು.

ಘೋಷಣೆಗಳೆಲ್ಲವೂ ಕೆಟ್ಟವೆಂದು ಹೇಳುವಷ್ಟು ಮೂರ್ಖ ನಾನಲ್ಲ. ‘ಉಳುವವನೇ ಹೊಲದೊಡೆಯ’ ಎಂಬುದೂ ಘೋಷಣೆಯೇ. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದ ಹಿಂದಿದ್ದ ಆಶಯ 1974ರ ಭೂಸುಧಾರಣಾ ತಿದ್ದುಪಡಿಯಾಗಿ ಬಂದಾಗ, ಅದು ಚಪ್ಪಾಳೆಯಲ್ಲಿ ಮುಗಿಯದೆ ಫಾರ್ಮ್ ನಂಬರ್ 7 ಎಂಬ ಅರ್ಜಿಯಾಗಿ ಗೇಣಿದಾರನ ಕೈಗೆ ಬಂತು. ಯಾರು ಉಳುತ್ತಿದ್ದಾರೆ, ಎಷ್ಟು ಎಕರೆ, ಯಾವಾಗಿನಿಂದ ಎಂದು ಭೂನ್ಯಾಯಮಂಡಳಿಯ ಮುಂದೆ ಹೇಳಬೇಕಾಯಿತು. ಹೊಲದಲ್ಲಿ ದುಡಿಯುವ ಕೂಲಿಯವನು ಒಡೆಯನೇಕಲ್ಲ ಎಂಬ ಪ್ರಶ್ನೆಯನ್ನೂ ಅದೇ ಘೋಷಣೆಯ ಬಲದ ಮೇಲೆ ಕೇಳಲು ಸಾಧ್ಯವಾಯಿತು, ಅದಕ್ಕೆ ಉತ್ತರ ಸಿಗದಿದ್ದರೂ.

ಹಣೆಪಟ್ಟಿಗಳ ವಿಷಯವನ್ನು ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಚಿಕ್ಕದಾಗಿ ಹೇಳುವುದಾದರೆ, ಒಬ್ಬನನ್ನು ದೇಶದ್ರೋಹಿ ಎಂದೋ ಇನ್ನೊಬ್ಬನನ್ನು ಕೋಮುವಾದಿ ಎಂದೋ ಕರೆದ ಕೂಡಲೇ ಆತ ಹೇಳಿದ್ದು ಸರಿಯೇ ತಪ್ಪೇ ಎಂದು ಪರಿಶೀಲಿಸುವ ಹೊಣೆ ನಮ್ಮಿಂದ ಇಳಿದುಹೋಗುತ್ತದೆ. ನಾನು ಒಪ್ಪುವ ಪಾಳೆಯವೂ ಇದನ್ನು ಮಾಡುತ್ತದೆ, ಒಪ್ಪದ ಪಾಳೆಯವೂ ಮಾಡುತ್ತದೆ. ವಚನಗಳ ಗತಿಯೂ ಇದೇ ಆಗಿದೆ. ಅನುಭವ ಮಂಟಪದಲ್ಲಿ ಪ್ರಶ್ನೆ, ಮರುಪ್ರಶ್ನೆಗಳ ನಡುವೆ ಹುಟ್ಟಿದ ಮಾತುಗಳು ಇಂದು ನಿರೂಪಕರ ಬಾಯಲ್ಲಿ ಹಾರ ಹಾಕುವ ಮುನ್ನ ಹೇಳುವ ಮಾತುಗಳಾಗಿವೆ.

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಅಶೋಕನ 12ನೇ ಶಿಲಾಶಾಸನ ಹೇಳುವುದು ಮಾತಿನ ಸಂಯಮವನ್ನು: ತನ್ನ ಪಂಥವನ್ನು ಸಂದರ್ಭವಿಲ್ಲದೆ ಹೊಗಳಬಾರದು, ಇನ್ನೊಬ್ಬರದನ್ನು ತೆಗಳಬಾರದು, ಪರಸ್ಪರರ ಧರ್ಮವನ್ನು ಕೇಳಬೇಕು. ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರಿದೆಯೆಂದು ನಾವು ಹೆಮ್ಮೆಪಡುತ್ತೇವೆ. ಸನ್ನತಿಯಲ್ಲಿ ಅವನು ಹೇಳಿದ್ದೇನೆಂಬುದನ್ನು ಓದಿದವರು ಕಡಿಮೆ. ಆ ಕಲ್ಲನ್ನು ಎಷ್ಟೋ ಕಾಲ ದೇವಿಯ ವಿಗ್ರಹದ ಪೀಠವಾಗಿ ಬಳಸಲಾಗಿತ್ತು.

ಟಿವಿ ಚರ್ಚೆ, ವಾಟ್ಸ್‌ಆ್ಯಪ್ ಎರಡನ್ನೂ ಬಿಡುತ್ತೇನೆ, ಅವು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಇಲ್ಲಿ ಶಿಕ್ಷಕರು ಬಹಳ ಜನ ಇರುವುದರಿಂದ ಒಂದು ಕೋರಿಕೆಯನ್ನು ಮಾತ್ರ ಮುಂದಿಡುತ್ತೇನೆ. ‘ನೀರಿನ ಮಹತ್ವ’ ಎಂಬ ಪ್ರಬಂಧದಲ್ಲಿ ‘ನೀರು ಜೀವಜಲ’ ಎಂದು ಆರಂಭಿಸಿ ‘ಆದ್ದರಿಂದ ನಾವೆಲ್ಲರೂ’ ಎಂದು ಮುಗಿಸುವ ಮಗುವಿಗೆ ನಾವು ಪೂರ್ತಿ ಅಂಕ ಕೊಡುತ್ತೇವೆ. ಈ ವರ್ಷ ಆ ವಿಷಯವನ್ನು ಬಿಟ್ಟು, ತಮ್ಮ ಊರಿನ ವಿತರಣಾ ಕಾಲುವೆಗೆ ಯಾವ ದಿನ ನೀರು ಬಂತು, ಯಾವ ದಿನ ನಿಂತಿತು, ಯಾರ ಹೊಲದವರೆಗೆ ಹೋಯಿತು ಎಂದು ಮಕ್ಕಳು ನೋಡಿ, ಕೇಳಿ ಬರೆದು ತರಲಿ. ಬರಹದಲ್ಲಿ ಉಪಸಂಹಾರವಿಲ್ಲವೆಂದು ದಯವಿಟ್ಟು ಅಂಕ ಕತ್ತರಿಸಬೇಡಿ.

ನಮಸ್ಕಾರ.