ಪ್ರೊಸೆಸರ್ ಮೇಲೆ, ಮಾನಿಟರ್ ಕೆಳಗೆ

ಎಲ್ಲರಿಗೂ ನಮಸ್ಕಾರ.

ಗಿಟಾರಿನ ಸದ್ದಿಗೆ ಆಂಪ್, ಎಫೆಕ್ಟ್‌ಗಳ ರೂಪ ಕೊಡುವ ಪೆಟ್ಟಿಗೆ, ಅಂದರೆ ಗಿಟಾರ್ ಪ್ರೊಸೆಸರಿಗೆ ಒಂದು ವಾಲ್ಯೂಮ್ ನಾಬ್ ಇದೆ. ಅದನ್ನು ಕೇಳಿಸುವ ಸ್ಟುಡಿಯೊ ಸ್ಪೀಕರ್, ಅಂದರೆ ಮಾನಿಟರಿನ ಬೆನ್ನಿಗೆ ಇನ್ನೊಂದು. ಯಾವುದನ್ನು ಎಷ್ಟು ತಿರುಗಿಸಬೇಕು ಎಂದು ಕೇಳಿದರೆ ‘ಎರಡನ್ನೂ ಅರ್ಧಕ್ಕಿಡಿ’ ಅನ್ನುವವರೇ ಹೆಚ್ಚು. ಪ್ರೊಸೆಸರ್ ಮೇಲಿರಲಿ, ಮಾನಿಟರ್ ಕೆಳಗಿರಲಿ ಅನ್ನುವುದು ನನ್ನ ವಾದ.

ಕಾರಣ ಸರಳ. ಪ್ರೊಸೆಸರಿನ ನಾಬ್ ಇಳಿಸಿದಾಗ ಗಿಟಾರಿನ ಸದ್ದು ಇಳಿಯುತ್ತದೆ. ಆದರೆ ಔಟ್‌ಪುಟ್ ಹಂತದ ಸಣ್ಣ ಹಿಸ್ ಮತ್ತು ಕೇಬಲ್ ದಾರಿಯಲ್ಲಿ ಹಿಡಿದುಕೊಳ್ಳುವ ಗುಂಯ್ ಶಬ್ದ ಇದ್ದಲ್ಲೇ ಇರುತ್ತವೆ. ಅಲ್ಲಿ 20 ಡೆಸಿಬೆಲ್ ಇಳಿಸಿ ಮಾನಿಟರಿನಲ್ಲಿ 20 ಏರಿಸಿದರೆ ಗಿಟಾರ್ ಮೊದಲಿನಷ್ಟೇ ಕೇಳುತ್ತದೆ, ಗದ್ದಲ ಮಾತ್ರ 20 ಡೆಸಿಬೆಲ್ ಜಾಸ್ತಿ. ‘ನನ್ನ ಮಾನಿಟರ್ ಸುಮ್ಮನಿದ್ದಾಗಲೂ ಬುಸುಗುಡುತ್ತದೆ’ ಎಂಬ ದೂರುಗಳಲ್ಲಿ ಕೆಲವಕ್ಕೆ ಇದೇ ಕಾರಣ.

ಮೊದಲು ಮೆನು ನೋಡಿ. ಲೈನ್ 6 ಕಂಪನಿಯ ಹೀಲಿಕ್ಸ್ ಫ್ಲೋರ್ ತೆಗೆದುಕೊಳ್ಳೋಣ. ಗ್ಲೋಬಲ್ ಸೆಟ್ಟಿಂಗ್ಸ್‌ನಲ್ಲಿ ಕಾಲಿಂಚಿನ ಜ್ಯಾಕಿಗೆ ‘ಇನ್‌ಸ್ಟ್ರುಮೆಂಟ್’ ಅಥವಾ ‘ಲೈನ್’, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಜೋಡಣೆಗೆ ‘ಮೈಕ್’ ಅಥವಾ ‘ಲೈನ್’ ಎಂಬ ಸಿಗ್ನಲ್ ಮಟ್ಟದ ಆಯ್ಕೆಗಳಿವೆ. ಮಾನಿಟರಿಗೆ ಹೋಗುವುದಾದರೆ ‘ಲೈನ್’. ‘ಇನ್‌ಸ್ಟ್ರುಮೆಂಟ್’ ಇರುವುದು ಗಿಟಾರ್ ಆಂಪಿನ ಮುಂಭಾಗಕ್ಕೆ. ಆ ಮಟ್ಟದಲ್ಲೇ ಮಾನಿಟರಿಗೆ ಕೊಟ್ಟು ‘ಸದ್ದೇ ಸಾಲದು’ ಎಂದು ಮಾನಿಟರನ್ನು ಬೈಯುವುದು ನ್ಯಾಯವಲ್ಲ.

ಲೈನ್ ಅಂದರೂ ಎರಡು ಬಗೆ. ವೃತ್ತಿಪರ ಸಲಕರಣೆಯ +4 ಡಿಬಿಯು ಎಂದರೆ ಸುಮಾರು 1.23 ವೋಲ್ಟ್. ಮನೆಬಳಕೆಯ -10 ಡಿಬಿವಿ ಎಂದರೆ 0.316 ವೋಲ್ಟ್. ಇವೆರಡರ ನಡುವೆ 12 ಡೆಸಿಬೆಲ್‌ಗೆ ಸ್ವಲ್ಪ ಕಡಿಮೆ ಅಂತರ. ಜೆಬಿಎಲ್ 305ಪಿ ಮಾನಿಟರಿನ ಹಿಂದೆ ಇವೆರಡರ ನಡುವೆ ಆರಿಸಲು ಸ್ವಿಚ್ಚೇ ಇದೆ; ಬ್ಯಾಲೆನ್ಸ್ಡ್ ಲೈನ್ (ಒಂದೇ ಸಿಗ್ನಲ್ ಎರಡು ತಂತಿಗಳಲ್ಲಿ ತಿರುಗುಮುರುಗಾಗಿ ಹೋಗುವ ಜೋಡಣೆ) ಕೊಡುವ ಪ್ರೊಸೆಸರಿಗೆ ಅದು +4ರಲ್ಲಿರಬೇಕು. ಯಮಾಹಾ ಎಚ್‌ಎಸ್5ರಲ್ಲಿ ಸ್ವಿಚ್ ಇಲ್ಲ. ಲೆವೆಲ್ ನಾಬ್ ನಡುಮಧ್ಯದಲ್ಲಿ ‘ಟಕ್’ ಎಂದು ನಿಲ್ಲುವ ಜಾಗವೇ ಅದರ +4. ಹತ್ತಡಿ ಕೋಣೆಯಲ್ಲಿ ಕೂತವರಿಗೆ ಅಷ್ಟು ಬೇಕಾಗುವುದಿಲ್ಲ, ‘ಟಕ್’ ಅಂದ ಮಾತ್ರಕ್ಕೆ ಅಲ್ಲೇ ನಿಲ್ಲಿಸಬೇಕೆಂಬ ಕಟ್ಟಳೆಯೂ ಇಲ್ಲ.

ಈಗ ಅಳತೆ. ಮಾನಿಟರ್ ನಾಬ್‌ಗಳನ್ನು ಪೂರ್ತಿ ಇಳಿಸಿ, ಪ್ರೊಸೆಸರಿನದನ್ನು ಮುಕ್ಕಾಲಿಗೆ ಏರಿಸಿ. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಮೂಲಕ -20 ಡಿಬಿಎಫ್‌ಎಸ್ (ಡಿಜಿಟಲ್ ಗರಿಷ್ಠವಾದ 0ಯಿಂದ ಕೆಳಗೆ ಎಣಿಸುವ ಮಾಪ) ಸರಾಸರಿಯ ಪಿಂಕ್ ನಾಯ್ಸ್, ಅಂದರೆ ಅಳತೆಗೆ ಬಳಸುವ ‘ಶ್ಶ್’ ಸದ್ದು ಹಾಕಿ, ಎಡ ಮಾನಿಟರ್ ಒಂದಕ್ಕೇ. ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ, ಫೋನಿನ ಶಬ್ದಮಾಪಕ ಆ್ಯಪ್ ಹಿಡಿಯಿರಿ, ಅದರ ಸೆಟ್ಟಿಂಗ್ ಸಿ-ವೇಯ್ಟಿಂಗ್, ಸ್ಲೋ. 76 ಡೆಸಿಬೆಲ್ ಬರುವವರೆಗೆ ಮಾನಿಟರ್ ನಾಬನ್ನು ನಿಧಾನಕ್ಕೆ ಏರಿಸಿ. ಬಲದ್ದಕ್ಕೂ ಹಾಗೇ. ಎರಡನ್ನೂ ಒಟ್ಟಿಗೆ ಅಳೆಯಬೇಡಿ: ಕೂಡಿದಾಗ ಸದ್ದು ಏರುತ್ತದೆ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ತಿಳಿಯುವುದಿಲ್ಲ. ಫೋನಿನ ಮೈಕ್ ಕೆಲವು ಡೆಸಿಬೆಲ್ ತಪ್ಪು ಹೇಳಬಹುದು, ಹೇಳಲಿ. ಎಡ-ಬಲ ಸಮವಾಗಿರುವುದು ಮತ್ತು ನಾಳೆಯೂ ಅದೇ ಮಟ್ಟಕ್ಕೆ ಮರಳಲು ಆಗುವುದು ಮುಖ್ಯ. ನಾಬ್‌ಗಳ ಪಕ್ಕ ಟೇಪ್ ಅಂಟಿಸಿ ಗೆರೆ ಎಳೆದು ಅವುಗಳನ್ನು ಮರೆತುಬಿಡಿ. ಪ್ರೊಸೆಸರಿನ ಮುಕ್ಕಾಲಿಗೂ ಒಂದು ಗುರುತು ಇರಲಿ. ರಾತ್ರಿ ಅಭ್ಯಾಸಕ್ಕೆ ಪ್ರೊಸೆಸರನ್ನು ಸ್ವಲ್ಪ ಇಳಿಸಿದರೆ ನಷ್ಟವೇನೂ ಇಲ್ಲ. ದಿನವೂ ಹತ್ತನೇ ಒಂದು ಭಾಗದಲ್ಲೇ ನುಡಿಸುವಂತಾದರೆ ಮಾತ್ರ ಮಾನಿಟರ್ ನಾಬನ್ನೇ ಇನ್ನಷ್ಟು ಇಳಿಸಿ.

ಆ ಗುರುತಿನ ಬೆಲೆ ಗೊತ್ತಾಗುವುದು ಪ್ಯಾಚ್ (ಪ್ರೊಸೆಸರಿನಲ್ಲಿ ಉಳಿಸಿಡುವ ಟೋನಿನ ಜೋಡಣೆ) ಕಟ್ಟುವಾಗ. ಸದ್ದು ಕಡಿಮೆಯಾದಂತೆ ಕಿವಿಗೆ ತಗ್ಗಿನ ಸ್ವರಗಳು ಬೇಗ ಮಂಕಾಗುತ್ತವೆ, ತೀರಾ ಮೇಲಿನವೂ ಸ್ವಲ್ಪ. 1933ರಲ್ಲಿ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದು ಇದನ್ನೇ. ಮಲಗುವ ಕೋಣೆಯಲ್ಲಿ ಪಿಸುಮಾತಿನಷ್ಟು ಸದ್ದಿನಲ್ಲಿ ಕೇಳುತ್ತಾ ಬೇಸ್ ಏರಿಸಿ, ಟ್ರೆಬಲ್ ಏರಿಸಿ ‘ಆಹಾ’ ಅನ್ನಿಸಿದ ಪ್ಯಾಚು ವೇದಿಕೆಯಲ್ಲಿ ಬುಡುಬುಡು ಅಂದು ಕಿವಿ ಚುಚ್ಚುವುದು ಇದರಿಂದಲೇ. ಆದ್ದರಿಂದ ಬೇಸ್-ಟ್ರೆಬಲ್ ಹೊಂದಿಸುವ ಈಕ್ಯು ಮುಟ್ಟುವಾಗಲೆಲ್ಲ ಗುರುತಿನ ಮಟ್ಟದಲ್ಲೇ ಇರಿ. ಇನ್ನು ಮಾನಿಟರ್ ಕೂಡ ಗಿಟಾರ್ ಸ್ಪೀಕರಿನಂತಲ್ಲ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೊಹರ್ಟ್ಸ್ ದಾಟಿದರೆ ಕೈಚೆಲ್ಲುತ್ತದೆ, ಮಾನಿಟರ್ 20ರತ್ತ ಹೋಗುತ್ತದೆ. ಪ್ರೊಸೆಸರಿನಲ್ಲಿ ಗಿಟಾರ್ ಸ್ಪೀಕರನ್ನು ಅನುಕರಿಸುವ ಕ್ಯಾಬ್ ಬ್ಲಾಕ್ ಇಲ್ಲದಿದ್ದರೆ ಡಿಸ್ಟಾರ್ಷನ್ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳುತ್ತದೆ.

ಪ್ಯಾಚ್ ಒಳಗಿನ ಮಟ್ಟವೂ ಇದೆ. ಪೀಕ್ (ಸದ್ದಿನ ತುದಿ) -12ರಿಂದ -6 ಡಿಬಿಎಫ್‌ಎಸ್ ನಡುವೆ ಆಡಲಿ. 0 ಮುಟ್ಟಿದರೆ ಡಿಜಿಟಲ್ ಕ್ಲಿಪ್, ಕರಕರ ಸದ್ದು. ಅದು ಪ್ಯಾಚಿನೊಳಗೇ ಆದದ್ದಾದರೆ ಮುಂದಿನ ಯಾವ ನಾಬ್ ಇಳಿಸಿದರೂ ಹೋಗದು. ಸದ್ದು ಹೊಂದಿಸಲು ಆಂಪ್ ಬ್ಲಾಕಿನ ಡ್ರೈವ್ ಅಥವಾ ಮಾಸ್ಟರ್ ಮುಟ್ಟಬೇಡಿ, ಟೋನೇ ಬದಲಾಗುತ್ತದೆ. ಚಾನೆಲ್ ವಾಲ್ಯೂಮ್ ಇರುವುದೇ ಅದಕ್ಕೆ. ಕ್ಲೀನ್ ಮತ್ತು ಡಿಸ್ಟಾರ್ಷನ್ ಪ್ಯಾಚ್‌ಗಳ ಪೀಕ್ ಒಂದೇ ಮಾಡಿದರೆ ಕ್ಲೀನ್ ಕಳೆದುಹೋಗುತ್ತದೆ: ಅದರ ಪೀಕ್ ಚೂಪು, ಸರಾಸರಿ ಕಡಿಮೆ. ಇಲ್ಲಿ ಮೀಟರ್ ಬಿಟ್ಟು ಕಿವಿಯಿಂದ ಹೊಂದಿಸಿ. ಲೀಡ್‌ಗೆ 3 ಡೆಸಿಬೆಲ್ ಹೆಚ್ಚು ಕೊಟ್ಟರೆ ಸಾಕು.

ತಪ್ಪು ಜೋಡಣೆಗಳಲ್ಲಿ ಅತಿ ವಿಚಿತ್ರವಾದದ್ದು ಹೆಡ್‌ಫೋನ್ ತೂತಿನಿಂದ, ಟಿಪ್, ರಿಂಗ್, ಸ್ಲೀವ್ ಎಂಬ ಮೂರು ಸಂಪರ್ಕಗಳಿರುವ ಟಿಆರ್‌ಎಸ್ ಕೇಬಲಿನಲ್ಲಿ ನೇರ ಮಾನಿಟರಿಗೆ ಹೋಗುವುದು. ಹೆಡ್‌ಫೋನಿನ ಟಿಪ್‌ನಲ್ಲಿ ಎಡ, ರಿಂಗ್‌ನಲ್ಲಿ ಬಲ. ಬ್ಯಾಲೆನ್ಸ್ಡ್ ಇನ್‌ಪುಟ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಎರಡರಲ್ಲೂ ಒಂದೇ ಆಗಿರುವ ಗಿಟಾರ್ ಮಾಯ, ಉಳಿಯುವುದು ಸ್ಟೀರಿಯೊ ರಿವರ್ಬಿನ ದೆವ್ವ ಮಾತ್ರ.

ಗುಂಯ್ ಸದ್ದಿಗೆ ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ, ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ನಿಂತರೆ ಕಳ್ಳ ಸಿಕ್ಕ. ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ ಮುರಿಯುವ ‘ಉಪಾಯ’ ಮಾತ್ರ ಬೇಡ. ಗಿಟಾರಿನ ತಂತಿ ಹಿಡಿದಿರುವುದು ನಿಮ್ಮ ಕೈ.

ಆನ್ ಮಾಡುವಾಗ ಮಾನಿಟರ್ ಕೊನೆಗೆ, ಆಫ್ ಮಾಡುವಾಗ ಮೊದಲಿಗೆ. ತಪ್ಪಿದರೆ ವೂಫರ್ ‘ಧಪ್’ ಅನ್ನುತ್ತದೆ. ನಮ್ಮಲ್ಲಿ ಕರೆಂಟ್ ಹೋಗಿ ಬರುವಾಗ ಈ ಕ್ರಮವನ್ನು ಯಾರೂ ಕೇಳುವುದಿಲ್ಲ. ಕರೆಂಟ್ ಹೋದ ಕೂಡಲೇ ಕತ್ತಲಲ್ಲಿ ತಡಕಾಡಿಯಾದರೂ ಮಾನಿಟರಿನ ಸ್ವಿಚ್ ಆಫ್ ಮಾಡಿ. ಪ್ರೊಸೆಸರ್ ಪೂರ್ತಿ ಬೂಟ್ ಆದ ಮೇಲೆ ಹಾಕಿಕೊಂಡರಾಯಿತು.