ಗೋಡೆಯೊಳಗಿನ ಫೋನ್ ತಂತಿ

ಕೇಳುಗರೇ, ನಮಸ್ಕಾರ.

2000ನೇ ಇಸವಿ. ನಾವು ಗಂಡ ಹೆಂಡತಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಹಾಲ್‌ನಲ್ಲಿ ಒಂದು ಕಂಪ್ಯೂಟರ್, ಮಲಗುವ ಕೋಣೆಯಲ್ಲಿ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಫೋಟೊ ಹಾಕಬೇಕಾದರೆ ಫ್ಲಾಪಿಯೇ ಗತಿ. ಒಂದು ಫ್ಲಾಪಿಗೆ ಹಿಡಿಸುವುದು 1.44 ಎಂಬಿ. 30 ಎಂಬಿ ಫೋಟೊ ಇದ್ದರೆ 20ಕ್ಕೂ ಜಾಸ್ತಿ ಫ್ಲಾಪಿ! ಕೇಬಲ್ ಎಳೆಯೋಣ ಅಂದರೆ ಬಾಡಿಗೆ ಮನೆ, ಗೋಡೆ ಕೊರೆಯುವ ಹಾಗಿಲ್ಲ. ವೈಫೈ ಬಂದಿತ್ತು, ಆದರೆ ನಮಗೆ ದುಬಾರಿ.

ಅಲ್ಲಿನ ಮನೆಗಳಲ್ಲಿ ಒಂದು ಅನುಕೂಲವಿತ್ತು. ಎಷ್ಟೋ ಮನೆಗಳಲ್ಲಿ ಕೋಣೆಗೊಂದು ಫೋನ್ ಸಾಕೆಟ್. ಅವೆಲ್ಲ ಗೋಡೆಯೊಳಗೆ ಒಂದೇ ಜೋಡಿ ತಂತಿಗೆ ಸೇರಿಕೊಂಡಿರುತ್ತಿದ್ದವು. ಅಂದರೆ ಕೇಬಲ್ ಎಳೆಯುವ ಕೆಲಸವನ್ನು ಮನೆ ಕಟ್ಟಿದವರೇ ಮುಗಿಸಿಟ್ಟಿದ್ದರು. ಆ ತಂತಿಯನ್ನು ಬಳಸಿಕೊಳ್ಳಲೆಂದೇ 1998ರಲ್ಲಿ ಇಂಟೆಲ್, ಐಬಿಎಂ, ಎಚ್‌ಪಿ ಮೊದಲಾದ ಕಂಪನಿಗಳು ಸೇರಿ ಹೋಮ್‌ಪಿಎನ್‌ಎ ಎಂಬ ಕೂಟ ಕಟ್ಟಿದವು. ಕಂಪ್ಯೂಟರಿನೊಳಗೆ ಕೂರಿಸಿ ಫೋನ್ ತಂತಿಗೆ ಜೋಡಿಸುವ ಕಾರ್ಡುಗಳು ಬಂದವು. ಮೊದಲ ಕಾರ್ಡುಗಳ ವೇಗ ಸೆಕೆಂಡಿಗೆ 1 ಮೆಗಾಬಿಟ್. ಆಮೇಲಿನವು 10.

ಫೋನಿನ ಮಾತು, ಕಂಪ್ಯೂಟರಿನ ಮಾತು ಎರಡೂ ಒಂದೇ ತಂತಿಯಲ್ಲಿ ಹೋದರೆ ಕಲಸಿಹೋಗುವುದಿಲ್ಲವೇ? ಇಲ್ಲ. ಸಂಗೀತ ಕಚೇರಿಯಲ್ಲಿ ತಂಬೂರಿ, ಪಿಟೀಲು, ಮೃದಂಗ ಎಲ್ಲದರ ನಾದವೂ ಒಂದೇ ಗಾಳಿಯಲ್ಲಿ ಬರುತ್ತದೆ. ಕಿವಿ ಮಾತ್ರ ಬೇರೆಬೇರೆಯಾಗಿ ಹಿಡಿಯುತ್ತದೆ, ಅಲ್ವಾ? ಫೋನಿನಲ್ಲಿ ನಮ್ಮ ದನಿ ಸಾಗುವುದು ಸುಮಾರು 300ರಿಂದ 3400 ಹರ್ಟ್ಸ್ ಒಳಗೆ, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಈ ಕಾರ್ಡುಗಳು ಮಾತಾಡುವುದು 40 ಲಕ್ಷದಿಂದ 1 ಕೋಟಿ ಹರ್ಟ್ಸ್ ನಡುವೆ. ಅಷ್ಟು ಮೇಲಿನ ಶ್ರುತಿ ಫೋನಿಗೆ ಕೇಳಿಸುವುದೇ ಇಲ್ಲ.

ಎರಡು ಕಾರ್ಡು ತಂದು ಕಂಪ್ಯೂಟರ್ ಬಿಚ್ಚಿ ಕೂರಿಸಿದೆ. ಮಾಮೂಲಿ ಫೋನ್ ವೈರನ್ನೇ ಗೋಡೆಯ ಸಾಕೆಟ್‌ಗೆ ಚುಚ್ಚಿದೆ. ಮಧ್ಯೆ ಕಂಪ್ಯೂಟರುಗಳನ್ನು ಜೋಡಿಸುವ ಹಬ್ ಎಂಬ ಪೆಟ್ಟಿಗೆ ಬೇಕಿಲ್ಲ. ಆದರೂ ಒಂದಕ್ಕೆ ಇನ್ನೊಂದು ಕಾಣಲಿಲ್ಲ. ಎರಡು ಗಂಟೆ ಸೆಟ್ಟಿಂಗ್ ತಡಕಾಡಿದೆ. ಕೊನೆಗೆ ಕೋಣೆಯ ಸಾಕೆಟ್‌ಗೆ ಫೋನ್ ಹಾಕಿ ನೋಡಿದರೆ ಡಯಲ್ ಟೋನೇ ಇಲ್ಲ! ಫೋನ್ ರಿಂಗ್ ಆಗುವಾಗ ಆ ತಂತಿಯಲ್ಲಿ ಸುಮಾರು 90 ವೋಲ್ಟ್ ಬರುತ್ತದೆ. ಹಾಗಾಗಿ ಮೊದಲು ಮನೆ ಹೊರಗಿನ ಪೆಟ್ಟಿಗೆಯಲ್ಲಿ ಲೈನ್ ಬಿಡಿಸಿದೆ. ಸಾಕೆಟ್ ಮುಚ್ಚಳ ತೆಗೆದರೆ ಒಳಗೆ ನಾಲ್ಕು ತಂತಿ: ಕೆಂಪು, ಹಸಿರು, ಹಳದಿ, ಕಪ್ಪು. ಫೋನ್ ಲೈನ್ ಇರುವುದು ಕೆಂಪು-ಹಸಿರು ಜೋಡಿಯಲ್ಲಿ. ಹಸಿರು ತಂತಿ ಸ್ಕ್ರೂನಿಂದ ಕಳಚಿ ಸುಮ್ನೆ ನೇತಾಡುತ್ತಿತ್ತು. ತುದಿಯ ತಾಮ್ರ ಕಪ್ಪಗಾಗಿತ್ತು. ಚಾಕುವಿನಲ್ಲಿ ಹೆರೆದು, ಸ್ಕ್ರೂಗೆ ಸುತ್ತಿ ಬಿಗಿದೆ.

ಲೈನ್ ಮತ್ತೆ ಸೇರಿಸಿದ ಮೇಲೆ ಫೋಟೊಗಳು ಹೊರಟವು. ಅಷ್ಟರಲ್ಲೇ ಫೋನ್ ರಿಂಗ್ ಆಯಿತು. ಮೈಸೂರಿನಿಂದ ಅಮ್ಮ. "ಊಟ ಆಯ್ತೇನೋ?" ದನಿ ಒಂದಿಷ್ಟೂ ಒಡೆಯಲಿಲ್ಲ. ಪರದೆಯ ಮೇಲೆ ಫೋಟೊ ಎಷ್ಟು ಹೋಯಿತೆಂದು ತೋರಿಸುವ ನೀಲಿ ಗೆರೆಯೂ ನಿಲ್ಲಲಿಲ್ಲ. ನಾನು ಅಮ್ಮನಿಗೆ ಉತ್ತರ ಕೊಡುವುದನ್ನೇ ಮರೆತು ಆ ಗೆರೆ ನೋಡುತ್ತಾ ನಿಂತಿದ್ದೆ.

ಮುಂದೆ ವೈಫೈ ಅಗ್ಗವಾಯಿತು, ಈ ಕಾರ್ಡುಗಳು ಅಂಗಡಿಗಳಿಂದ ಮರೆಯಾದವು. 2013ರಲ್ಲಿ ಹೋಮ್‌ಪಿಎನ್‌ಎ ಕೂಟ ಹೋಮ್‌ಗ್ರಿಡ್ ಫೋರಂ ಎಂಬ ಇನ್ನೊಂದು ಕೂಟದ ಜೊತೆ ಸೇರಿಕೊಂಡಿತು. ಆ ಫೋರಂ ಬೆಳೆಸುತ್ತಿರುವ ಜಿ.ಎಚ್‌ಎನ್ ಎಂಬ ಪದ್ಧತಿ ಫೋನ್ ತಂತಿಯಲ್ಲೂ ಓಡುತ್ತದೆ, ಟಿವಿ ಕೇಬಲ್‌ನಲ್ಲೂ ಓಡುತ್ತದೆ, ಮನೆಯ ಕರೆಂಟ್ ವೈರಿನಲ್ಲೂ ಓಡುತ್ತದೆ.

ನಮಸ್ಕಾರ.